ಒಬ್ಬರಿಗೆ ಬಂದ ಹುಳುಕಡ್ಡಿ ಮನೆಮಂದಿಗೆಲ್ಲ ಹೇಗೆ ಹರಡುತ್ತೆ?

ತೊಡೆಸಂದಿಯಲ್ಲಿ, ಸೊಂಟದ ಸುತ್ತ ಉಂಗುರದ ಹಾಗೆ ಕೆಂಪು ಕಲೆ. ಅಂಚು ಉಬ್ಬಿರುತ್ತೆ, ವಿಪರೀತ ನವೆ. ಇದೇ ಹುಳುಕಡ್ಡಿ, ಫಂಗಸ್ ಸೋಂಕು.

ಕೆರೆದಾಗ ಉದುರುವ ಹೊಟ್ಟಿನಲ್ಲೇ ಫಂಗಸ್ ಇರುತ್ತೆ. ಬಟ್ಟೆ, ಹಾಸಿಗೆ, ಬಾಚಣಿಗೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲದು.

ನಿಮ್ಮ ಬಚ್ಚಲುಮನೆ ಬಾಗಿಲ ಹಿಂದಿನ ಮೊಳೆ ಒಮ್ಮೆ ನೋಡಿ. ಒಂದೇ ಒದ್ದೆ ಟವೆಲ್. ಮೊದಲು ಅಪ್ಪ ಒರೆಸಿಕೊಂಡರು, ಆಮೇಲೆ ಮಗ, ಆಮೇಲೆ ಮಗಳು. ಸೋಂಕು ದಾಟೋದು ಹೀಗೆ. ಉಡುದಾರ, ಲಂಗದ ಲಾಡಿ ಕೂಡ ಬೆವರು ಹೀರಿ ದಿನವಿಡೀ ಹಸಿಯಾಗೇ ಇರ್ತವೆ. ವಾಸಿಯಾದ ಜಾಗಕ್ಕೇ ಮತ್ತೆ ಅಂಟಿಸ್ತವೆ. ಗುಣವಾಗೋ ತನಕ ಉಡುದಾರ ಬಿಚ್ಚಿಡಿ.

ಸೋಂಕಿರುವವರ ಬಟ್ಟೆ ಬೇರೆ ಬಕೆಟ್‌ಗೆ ಹಾಕಿ. 60 ಡಿಗ್ರಿ ಬಿಸಿನೀರಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲಿಲ್ಲವೇ? ಇಸ್ತ್ರಿ ಮಾಡಿ. ಅರೆ ಒಣಗಿದ ಒಳಉಡುಪು ಮಾತ್ರ ಹಾಕಿಕೊಳ್ಳಲೇಬೇಡಿ.

ನನಗೆ ಹೆಚ್ಚು ಆತಂಕ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಟ್ಯೂಬಿನದು. ಅಂಥ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತೆ. ನವೆ ಬೇಗ ನಿಲ್ಲುತ್ತೆ, ಫಂಗಸ್ ಹರಡ್ತಾನೇ ಇರುತ್ತೆ. ಅದರ ಮೇಲೆ, ಭಾರತದಲ್ಲಿ ಈಗ ವ್ಯಾಪಕವಾಗಿರೋದು ಟ್ರೈಕೋಫೈಟಾನ್ ಇಂಡೋಟಿನಿಯೇ ಅನ್ನೋ ಫಂಗಸ್. 2020ರಲ್ಲಿ ಹೆಸರು ಪಡೆದ ಇದು, ಫಂಗಸ್ ಕೊಲ್ಲುವ ಟರ್ಬಿನಾಫಿನ್ ಮಾತ್ರೆಗೂ ಅನೇಕ ಸಲ ಬಗ್ಗಲ್ಲ.

ಮನೆಯಲ್ಲಿ ಯಾರ್ಯಾರಿಗೆ ನವೆ ಇದೆಯೋ ಅವರೆಲ್ಲ ಒಟ್ಟಿಗೇ ಚರ್ಮರೋಗ ತಜ್ಞರ ಹತ್ತಿರ ಹೋಗಿ. ನಾಚಿಕೊಂಡು ಮುಚ್ಚಿಡಬೇಡಿ. ನವೆ ನಿಂತಿತು ಅಂತ ಔಷಧಿ ಬಿಡಬೇಡಿ. ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ.