ಸ್ವದೇಶಿ ಹಡಗು ಕಂಪನಿ: ಒಂದು ದರ ಸಮರದ ಪಾಠ

ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ ಹೋರಾಟವೆಂದೊಡನೆ ಸತ್ಯಾಗ್ರಹ, ಸೆರೆವಾಸ, ವಿದೇಶಿ ವಸ್ತ್ರದಹನಗಳು ನೆನಪಿಗೆ ಬರುತ್ತವೆ. ಷೇರು ಬಂಡವಾಳ, ಪ್ರಯಾಣ ದರ, ಕಂಪನಿ ನೋಂದಣಿಗಳ ಮೂಲಕವೂ ಆ ಹೋರಾಟ ನಡೆದಿತ್ತೆಂಬುದು ವ್ಯಾಪಾರಿಗಳಿಗೇ ಅಷ್ಟಾಗಿ ತಿಳಿಯದ ಸಂಗತಿ. ತೂತ್ತುಕುಡಿಯ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಇತಿಹಾಸವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಕಂಪನಿಯ ಸ್ಥಾಪನೆ

1905ರ ಬಂಗಾಳ ವಿಭಜನೆಯ ತರುವಾಯ ಸ್ವದೇಶಿ ಚಳವಳಿಯು ದೇಶದಾದ್ಯಂತ ಹಬ್ಬಿತು. ಆ ಕಾಲದಲ್ಲಿ ತೂತ್ತುಕುಡಿ ಮತ್ತು ಕೊಲಂಬೊ ನಡುವಣ ಹಡಗು ಸಂಚಾರದಲ್ಲಿ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯದೇ ಮೇಲುಗೈ. ದರವನ್ನು ನಿರ್ಧರಿಸುವವರೂ ಅವರೇ. ಭಾರತೀಯ ವರ್ತಕರು ಕೇಳಿದಷ್ಟು ತೆತ್ತು ಸರಕು ಕಳುಹಬೇಕಾಗಿತ್ತು.

1872ರಲ್ಲಿ ಒಟ್ಟಪಿಡಾರಂನಲ್ಲಿ ಜನಿಸಿದ ವಕೀಲ ವಿ.ಒ. ಚಿದಂಬರಂ ಪಿಳ್ಳೈ ಅವರು ಈ ಏಕಸ್ವಾಮ್ಯವನ್ನು ಮುರಿಯಲು ಮುಂದಾದರು. 1906ರ ಅಕ್ಟೋಬರ್ 16ರಂದು ಕಂಪನಿಯು ನೋಂದಣಿಯಾಯಿತು. ಗೊತ್ತುಪಡಿಸಿದ ಬಂಡವಾಳ 10 ಲಕ್ಷ ರೂಪಾಯಿ. ತಲಾ 25 ರೂಪಾಯಿಗಳ 40,000 ಷೇರುಗಳು. ಪಾಂಡಿತ್ತುರೈ ತೇವರ್ ಅಧ್ಯಕ್ಷರಾದರು. ಹಾಜಿ ಮಹಮ್ಮದ್ ಬಕೀರ್ ಸೇಟ್ ಅವರೊಬ್ಬರೇ 8,000 ಷೇರುಗಳನ್ನು, ಅಂದರೆ ಬಂಡವಾಳದ ಐದನೆಯ ಒಂದು ಭಾಗವನ್ನು, ವಹಿಸಿಕೊಂಡರು. ಷೇರಿನ ಮುಖಬೆಲೆಯನ್ನು ಕಡಿಮೆಯಿರಿಸಿದ್ದರಿಂದ ಸಾಮಾನ್ಯ ವರ್ತಕರೂ ಪಾಲುದಾರರಾಗುವಂತಾಯಿತು.

ಮೊದಲಿಗೆ ಬಾಡಿಗೆಯ ಹಡಗುಗಳಿಂದ ಸಂಚಾರ ಆರಂಭವಾಯಿತು. ಪ್ರತಿಸ್ಪರ್ಧಿಯ ಒತ್ತಡದಿಂದ ಬಾಡಿಗೆಗೆ ಕೊಟ್ಟವರು ಹಿಂದೆ ಸರಿದಾಗ, ಸ್ವಂತ ಹಡಗಿಲ್ಲದೆ ಗತಿಯಿಲ್ಲವೆಂಬುದು ಮನವರಿಕೆಯಾಯಿತು. 1907ರಲ್ಲಿ ‘ಗ್ಯಾಲಿಯಾ’ ಮತ್ತು ‘ಲಾವೊ’ ಎಂಬ ಎರಡು ಉಗಿಹಡಗುಗಳನ್ನು ಕಂಪನಿಯು ಖರೀದಿಸಿತು.

ದರ ಸಮರ

ಬ್ರಿಟಿಷ್ ಕಂಪನಿಯು ಪ್ರಯಾಣ ದರವನ್ನು ಒಂದು ರೂಪಾಯಿಗೆ ಇಳಿಸಿತು. ಸ್ವದೇಶಿ ಕಂಪನಿಯು ಎಂಟಾಣೆಗೆ ಇಳಿಸಿತು. ಆಗ ಪ್ರತಿಸ್ಪರ್ಧಿಯು ಪ್ರಯಾಣವನ್ನೇ ಉಚಿತಗೊಳಿಸಲು ಮುಂದಾಯಿತು. ಜೊತೆಗೊಂದು ಕೊಡೆಯನ್ನೂ ಉಡುಗೊರೆಯಾಗಿ ಕೊಡಲಾಯಿತೆಂಬ ಮಾತು ಪ್ರಚಲಿತವಾಗಿದೆ.

ಈ ಸ್ಪರ್ಧೆಯನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸಬೇಕು. ಹಡಗು ತುಂಬಿ ಹೋದರೂ ಅರ್ಧ ಖಾಲಿ ಹೋದರೂ ಕಲ್ಲಿದ್ದಲು, ನಾವಿಕರ ಸಂಬಳ, ಬಂದರು ಶುಲ್ಕ, ದುರಸ್ತಿಗಳ ವೆಚ್ಚದಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಎಂಟಾಣೆಯಂತೆ ಐವತ್ತು ಮಂದಿ ಪ್ರಯಾಣಿಸಿದರೆ ಬರುವ ಒಟ್ಟು ಆದಾಯವು ಒಂದು ಷೇರಿನ ಬೆಲೆಗಷ್ಟೇ ಸಮ. ಹಲವು ಮಾರ್ಗಗಳಲ್ಲಿ ಹಡಗು ನಡೆಸುತ್ತಿದ್ದ ಬ್ರಿಟಿಷ್ ಕಂಪನಿಯು ಇಲ್ಲಿಯ ನಷ್ಟವನ್ನು ಬೇರೆಡೆಯ ಲಾಭದಿಂದ ತುಂಬಿಕೊಳ್ಳಬಲ್ಲದಾಗಿತ್ತು. ಸ್ವದೇಶಿ ಕಂಪನಿಗೆ ಅಂತಹ ಆಸರೆ ಇರಲಿಲ್ಲ. ದೇಶಾಭಿಮಾನವು ಷೇರುದಾರರನ್ನು ತಂದಿತು, ಹಡಗುಗಳನ್ನೂ ತಂದಿತು. ಆದರೆ ದೀರ್ಘಕಾಲ ನಷ್ಟವನ್ನು ತಾಳಿಕೊಳ್ಳಲು ಬೇಕಾದ ಮೀಸಲು ನಿಧಿಯನ್ನು ಒದಗಿಸಲಾರದೆ ಹೋಯಿತು.

ಸರ್ಕಾರದ ಪ್ರವೇಶ

ಈ ಸ್ಪರ್ಧೆಯಲ್ಲಿ ಆಡಳಿತವು ತಟಸ್ಥವಾಗಿರಲಿಲ್ಲ. 1908ರ ಫೆಬ್ರವರಿಯಲ್ಲಿ ಬ್ರಿಟಿಷ್ ಒಡೆತನದ ಕೋರಲ್ ಮಿಲ್‌ನ ಕಾರ್ಮಿಕರು ವೇತನ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದಾಗ ಚಿದಂಬರಂ ಪಿಳ್ಳೈ ಹಾಗೂ ಸುಬ್ರಮಣ್ಯ ಶಿವ ಅವರು ಮುಂದಾಳತ್ವ ವಹಿಸಿದರು. ಮುಷ್ಕರ ಯಶಸ್ವಿಯಾಯಿತು. ಮಾರ್ಚ್ 12ರಂದು ಇಬ್ಬರನ್ನೂ ಬಂಧಿಸಲಾಯಿತು; ಮರುದಿನ ತಿರುನೆಲ್ವೇಲಿಯಲ್ಲಿ ಗಲಭೆ ಭುಗಿಲೆದ್ದು ಪೊಲೀಸರ ಗುಂಡಿಗೆ ಜನರು ಬಲಿಯಾದರು. ಜುಲೈ ತಿಂಗಳಲ್ಲಿ ಸೆಷನ್ಸ್ ನ್ಯಾಯಾಲಯವು ಚಿದಂಬರಂ ಪಿಳ್ಳೈ ಅವರಿಗೆ ರಾಜದ್ರೋಹದ ಆರೋಪದ ಮೇಲೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಶಿಕ್ಷೆ ತಗ್ಗಿತಾದರೂ ಕೊಯಮತ್ತೂರು ಸೆರೆಮನೆಯಲ್ಲಿ ಎತ್ತಿನಂತೆ ಗಾಣ ಎಳೆಯುವ ಕಠಿಣ ದುಡಿಮೆ ತಪ್ಪಲಿಲ್ಲ.

ಪ್ರವರ್ತಕರಿಲ್ಲದ ಕಂಪನಿಯು ಕ್ರಮೇಣ ಕುಸಿದು 1911ರ ವೇಳೆಗೆ ಮುಚ್ಚುವ ಹಂತ ತಲುಪಿತು. 1912ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಚಿದಂಬರಂ ಪಿಳ್ಳೈ ಅವರಿಗೆ ವಕೀಲಿ ವೃತ್ತಿಯ ಸನ್ನದೂ ಉಳಿದಿರಲಿಲ್ಲ. ಬಡತನದಲ್ಲೇ ಬಹುಕಾಲ ಕಳೆದು 1936ರ ನವೆಂಬರ್ 18ರಂದು ಅವರು ನಿಧನರಾದರು.

ಉದ್ಯಮಿಗಳಿಗೆ ಸಂದೇಶ

1919ರಲ್ಲಿ ವಾಲ್‌ಚಂದ್ ಹೀರಾಚಂದ್ ಮೊದಲಾದವರು ಸ್ಥಾಪಿಸಿದ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯೂ ಇಂತಹುದೇ ದರ ಸಮರವನ್ನು ಎದುರಿಸಿತು. ಆ ಸಂಸ್ಥೆಗೆ ಗಟ್ಟಿಯಾದ ಬಂಡವಾಳವಿತ್ತು. 1923ರಲ್ಲಿ ನಿರ್ಬಂಧಗಳಿಂದ ಕೂಡಿದ ಒಪ್ಪಂದಕ್ಕೆ ಸಹಿ ಹಾಕಿಯಾದರೂ ಅದು ಉಳಿದುಕೊಂಡಿತು.

ಪ್ರತಿಸ್ಪರ್ಧಿಯನ್ನು ನಿರ್ಮೂಲಗೊಳಿಸಲು ವೆಚ್ಚಕ್ಕಿಂತ ಕಡಿಮೆ ದರದಲ್ಲಿ ಮಾರುವುದನ್ನು, ಪ್ರಬಲ ಸಂಸ್ಥೆಗಳ ಮಟ್ಟಿಗೆ, ಸ್ಪರ್ಧಾ ಕಾಯಿದೆ 2002ರ 4ನೆಯ ಕಲಮು ನಿಷೇಧಿಸುತ್ತದೆ. ತೂತ್ತುಕುಡಿಯ ವರ್ತಕರಿಗೆ ಈ ರಕ್ಷಣೆ ಇರಲಿಲ್ಲ. ದೂರು ಕೇಳಬೇಕಾದ ಸರ್ಕಾರವೇ ಎದುರಾಳಿಯ ಪಕ್ಷದಲ್ಲಿತ್ತು. ಆದರೆ ಕಾನೂನಿನ ತೀರ್ಪು ಬರುವವರೆಗೂ ಬಾಗಿಲು ತೆರೆದಿಡುವ ಶಕ್ತಿ ಸಂಸ್ಥೆಗೆ ಇರಬೇಕು. ದುಡಿಯುವ ಬಂಡವಾಳ, ಮೀಸಲು ನಿಧಿ, ಒಬ್ಬರ ಗೈರುಹಾಜರಿಯಲ್ಲೂ ನಡೆಯಬಲ್ಲ ಆಡಳಿತ ವ್ಯವಸ್ಥೆ, ಈ ಮೂರನ್ನು ಯಾವ ಕಾಯಿದೆಯೂ ಒದಗಿಸದು.

2011ರಲ್ಲಿ ತೂತ್ತುಕುಡಿ ಬಂದರಿಗೆ ವಿ.ಒ. ಚಿದಂಬರನಾರ್ ಅವರ ಹೆಸರಿಡಲಾಯಿತು. ಷೇರುದಾರರ ಹಣ ನಷ್ಟವಾಗಿರಬಹುದು. ಸಮುದ್ರ ವ್ಯಾಪಾರವು ಆಳುವವರ ಸ್ವತ್ತಲ್ಲವೆಂದು ಆ ಷೇರುದಾರರು ತೋರಿಸಿಕೊಟ್ಟದ್ದು ಯಾವ ಲೆಕ್ಕಪುಸ್ತಕದಲ್ಲೂ ನಷ್ಟದ ಕಡೆಗೆ ಸೇರತಕ್ಕದ್ದಲ್ಲ.