ವೈರ್ ಯಾಕೆ ಸಾಲಲಿಲ್ಲ? ವಿಆರ್‌ನಲ್ಲಿ ಬಾಗೋ ಭಾಗಗಳ ಜೋಡಣೆ

ಇವತ್ತಿನ ಮಾತು ಒಂದು ವಿಮಾನದಿಂದ ಶುರು ಮಾಡ್ತೀನಿ.

ಏರ್‌ಬಸ್ ಎ380. ಎರಡು ಅಂತಸ್ತಿನ ದೊಡ್ಡ ವಿಮಾನ, ಒಳಗೆ 500 ಕಿ.ಮೀ.ಗೂ ಹೆಚ್ಚು ವೈರ್. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಯಾರಾದ ಭಾಗಗಳನ್ನು ಫ್ರಾನ್ಸ್‌ನ ಟೂಲೂಸ್‌ನಲ್ಲಿ ಜೋಡಿಸಲು ಹೋದಾಗ ಕೆಲವು ವೈರ್‌ಗಳು ಉದ್ದ ಸಾಲಲೇ ಇಲ್ಲ. ಎರಡೂ ಕಡೆ ಡಿಸೈನ್ ಸಾಫ್ಟ್‌ವೇರ್ ಒಂದೇ, ಆದರೆ ವರ್ಷನ್ ಬೇರೆ. ವೈರ್ ಬಾಗುವ ಲೆಕ್ಕ ತಾಳೆ ಆಗಲಿಲ್ಲ. ವಿಮಾನ ತಡವಾಗಲು ಇದು ದೊಡ್ಡ ಕಾರಣ. ತಡವಾಗಿದ್ದರಿಂದ 2010ರವರೆಗಿನ ಲಾಭದಲ್ಲಿ ಸುಮಾರು 480 ಕೋಟಿ ಯೂರೋ ಖೋತಾ ಆಗುತ್ತೆ ಅಂತ 2006ರಲ್ಲಿ ಮಾತೃಸಂಸ್ಥೆಯೇ ಹೇಳಿತು.

ಒಂದು ವೈರ್ ಇಷ್ಟು ಕಷ್ಟನಾ? ನಿಮ್ಮ ಚಾರ್ಜರ್ ಕೇಬಲ್ ತಗೊಳ್ಳಿ. ಎರಡು ತುದಿ ಹತ್ತಿರ ತಂದರೆ ಜೋತು ಬೀಳುತ್ತೆ. ಒಂದು ತುದಿ ತಿರುಚಿದರೆ ಸುರುಳಿ ಸುತ್ತಿಕೊಳ್ಳುತ್ತೆ. ಬೋಲ್ಟ್ ಎಲ್ಲಿಟ್ಟರೂ ಆಕಾರ ಒಂದೇ. ಕೇಬಲ್‌ಗೆ ಹಾಗಿಲ್ಲ, ಕೈ ಅಲ್ಲಾಡಿದಂತೆಲ್ಲ ಆಕಾರ ಬದಲು.

ಇದರ ಗಣಿತ ಹಳೆಯದು. ಕೊಸೆರಾ ಎಂಬ ಫ್ರೆಂಚ್ ಸಹೋದರರು 1909ರಲ್ಲೇ ಬುನಾದಿ ಹಾಕಿದರು. ಕಂಪ್ಯೂಟರ್‌ನಲ್ಲಿ ವೈರನ್ನು ಸಣ್ಣ ಸಣ್ಣ ತುಂಡುಗಳ ಸರಪಳಿ ಅಂದುಕೊಂಡು, ಪ್ರತಿ ತುಂಡು ಎಷ್ಟು ಬಾಗಿದೆ, ಎಷ್ಟು ತಿರುಚಿದೆ ಅಂತ ಲೆಕ್ಕ ಹಾಕ್ತಾರೆ.

ವಿಆರ್‌ನಲ್ಲಿ ಸಮಸ್ಯೆ ಸಮಯದ್ದು. ಸೆಕೆಂಡಿಗೆ 90 ಫ್ರೇಮ್ ಅಂದರೆ ಒಂದಕ್ಕೆ ಸಿಗೋದು ಸುಮಾರು 11 ಮಿಲಿಸೆಕೆಂಡ್. ತಡವಾದರೆ ಚಿತ್ರ ತಡವರಿಸುತ್ತೆ, ನಿಮಗೆ ತಲೆ ಸುತ್ತುತ್ತೆ. ವೈರ್‌ನ ಬಿಗಿ ಕೈಗೂ ತಿಳಿಯಬೇಕು ಅಂದರೆ ಸೆಕೆಂಡಿಗೆ ಸುಮಾರು 1,000 ಸಲ ಲೆಕ್ಕ ಬೇಕು.

ಅದಕ್ಕೇ ಗೇಮ್‌ಗಳ ಶಾರ್ಟ್‌ಕಟ್ ಬಳಸ್ತಾರೆ. ಲೆಕ್ಕವನ್ನು ಕೆಲವೇ ಸುತ್ತಿಗೆ ನಿಲ್ಲಿಸಿಬಿಡೋದು. ನೋಡೋಕೆ ಚೆನ್ನಾಗೇ ಇರುತ್ತೆ. ಆದರೆ ಎಳೆದಾಗ ವೈರ್ ರಬ್ಬರ್ ಥರ ಹಿಗ್ಗಿಬಿಡಬಹುದು! ಗೇಮ್‌ನಲ್ಲಿ ಯಾರೂ ಗಮನಿಸಲ್ಲ. ಫ್ಯಾಕ್ಟರಿಯಲ್ಲಿ ಮಾತ್ರ, ಸ್ಕ್ರೀನ್ ಮೇಲೆ ಹಿಗ್ಗಿ ಮುಟ್ಟಿದ ವೈರ್ ನಿಜದಲ್ಲಿ ಮುಟ್ಟೋದೇ ಇಲ್ಲ.

ಹಾಗಾಗಿ ವಿಆರ್‌ನಲ್ಲಿ ಕೈ ಒಳಗೆ ಹೋಗುತ್ತಾ, ವೈರ್ ಯಾವ ದಾರಿಯಲ್ಲಿ ಹೋಗಬೇಕು ಅಂತ ನೋಡಿಕೊಂಡು, ಉದ್ದ ಮತ್ತು ಬಾಗುವ ಮಿತಿಯನ್ನು ನಿಧಾನವಾದ, ನಿಖರವಾದ ಲೆಕ್ಕದಲ್ಲಿ ಮತ್ತೆ ಪರೀಕ್ಷಿಸಬೇಕು. ನಿಜವಾದ ಕೇಬಲ್ ಬಾಗಿಸಿ, ಅದರ ಬಿಗಿ ಅಳೆದು ಆ ಅಂಕಿ ಕೊಡಬೇಕು.

ಮುಂದಿನ ಸಲ ಯಾರಾದರೂ ವಿಆರ್ ಡೆಮೊ ತೋರಿಸಿದರೆ ವಾವ್ ಅನ್ನೋ ಮೊದಲು ಒಂದು ಮಾತು ಕೇಳಿ: ಈ ವೈರ್ ಎಳೆದರೆ ಉದ್ದ ಆಗುತ್ತಾ?

ಮತ್ತೆ ಸಿಗೋಣ.