ಅರ್ಧ ಆಣೆಯ ಲೆಕ್ಕ

ನಮ್ಮೂರಿನ ಅಂಚೆ ಕಚೇರಿ ಎಂದರೆ ಒಂದು ಮನೆಯ ಜಗಲಿಯ ಮೂಲೆ. ಒಂದು ಮೇಜು, ಒಂದು ತಕ್ಕಡಿ, ಮೊಹರು, ಮಸಿಯ ಪ್ಯಾಡು, ಗೋಡೆಗೆ ನೇತುಹಾಕಿದ ಕೆಂಪು ಡಬ್ಬಿ. ಮಲೆನಾಡಿನ ಮಳೆಗಾಲದಲ್ಲಿ ಮೇಜಿನ ಡ್ರಾಯರು ಉಬ್ಬಿಕೊಂಡು ತೆರೆಯುವುದೇ ಇಲ್ಲ. ಆಗ ಅಂಚೆಚೀಟಿಗಳೆಲ್ಲ ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ, ಕೊಬ್ಬರಿಯ ಪಕ್ಕಕ್ಕೆ ವರ್ಗವಾಗುತ್ತವೆ.

ಕಳೆದ ಬೇಸಿಗೆ ರಜೆಯಲ್ಲಿ ಒಂದು ಬೆಳಗ್ಗೆ ನಾನು ಆ ಜಗಲಿಯಲ್ಲಿ ಕುಳಿತಿದ್ದಾಗ ಕೆಳಕೇರಿಯ ಗೃಹಿಣಿಯೊಬ್ಬರು ಹಲಸಿನ ಹಪ್ಪಳದ ಮೂರು ಪೊಟ್ಟಣ ತಂದರು. ಮನೆಯಲ್ಲೇ ಹಪ್ಪಳ ಮಾಡಿ ಮಾರುವುದು ಅವರ ಬೇಸಿಗೆಯ ದುಡಿಮೆ. ಒಂದು ಪೊಟ್ಟಣ ಬೆಂಗಳೂರಿಗೆ, ಇನ್ನೊಂದು ಪುಣೆಗೆ. ಮೂರನೆಯದರ ಮೇಲೆ ಒಬ್ಬ ಸೈನಿಕನ ಹೆಸರು, ನಂಬರು, ಪಡೆಯ ಹೆಸರು; ಅದರ ಕೆಳಗೆ ‘ಕೇರ್ ಆಫ್ 99 ಎ.ಪಿ.ಒ.’ ಎಂದಷ್ಟೇ ಇತ್ತು. ಊರಿಲ್ಲ, ಜಿಲ್ಲೆಯಿಲ್ಲ, ರಾಜ್ಯವೂ ಇಲ್ಲ.

“ಮೊದಲು ಪೇಟೆಗೆ ಹೋಗಿ ಕೊರಿಯರಿನವರ ಹತ್ರ ಕೇಳಿದೆ ಮೇಷ್ಟ್ರೆ. ‘ಇದು ಯಾವ ಊರಮ್ಮ?’ ಅಂದ್ರು. ಊರು ಯಾವ್ದು ಅಂತ ನಂಗೆ ಗೊತ್ತಿದ್ರಲ್ವಾ ಹೇಳೋದು!” ಎಂದು ಅವರು ನಕ್ಕರು.

ಗೊತ್ತಾಗಬಾರದು ಎಂದೇ ಆ ವಿಳಾಸ ಹಾಗಿರುವುದು. ಸೈನಿಕರ ನೆಲೆ ಗುಟ್ಟಾಗಿರಬೇಕೆಂದು ಸೇನಾ ಅಂಚೆಯಲ್ಲಿ ಸ್ಥಳದ ಹೆಸರನ್ನು ಬರೆಯುವುದಿಲ್ಲ. ಪಿನ್‌ಕೋಡ್ 9ರಿಂದ ಆರಂಭವಾದರೆ ಅದು ಸೇನೆಯದು ಎಂದು ಅಂಚೆಯವರಿಗೆ ತಿಳಿಯುತ್ತದೆ. ಮುಂದಿನ ದಾರಿ ಸೇನಾ ಅಂಚೆಯವರಿಗೆ ಗೊತ್ತು. ಪೇಟೆಯ ಕೊರಿಯರ್ ಅಂಗಡಿಯ ಹುಡುಗನದೇನೂ ತಪ್ಪಿಲ್ಲ. ಅವನ ಕಂಪ್ಯೂಟರಿನಲ್ಲಿ ಇಲ್ಲದ ಊರು ಅವನ ಪಾಲಿಗೆ ಭೂಮಿಯ ಮೇಲೆಯೇ ಇಲ್ಲ.

ಕಾಗದ ಬರೆಯುವವರೇ ಇಲ್ಲದ ಈ ಕಾಲದಲ್ಲಿ ಅಂಚೆ ಕಚೇರಿ ಏಕೆ ಬೇಕು ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. ಅವರಿಗೆ ಉತ್ತರ ಕೊಡಬೇಕಾದರೆ ಹಳೆಯದೊಂದು ಲೆಕ್ಕದಿಂದ ಶುರುಮಾಡಬೇಕು.

ತ್ರೈರಾಶಿ ತಪ್ಪಿದ ಜಾಗ

ಎಂಟನೆಯ ತರಗತಿಯ ಮಕ್ಕಳಿಗೆ ನಾನು ಕೆಲವೊಮ್ಮೆ ಒಂದು ಪ್ರಶ್ನೆ ಹಾಕುತ್ತೇನೆ. ಕಾಗದವೊಂದನ್ನು 10 ಕಿ.ಮೀ. ಕಳಿಸಲು ಒಂದು ರೂಪಾಯಿ ಖರ್ಚಾದರೆ 600 ಕಿ.ಮೀ. ಕಳಿಸಲು ಎಷ್ಟು? ತ್ರೈರಾಶಿ ಕಲಿತ ಮಕ್ಕಳು ಕೈ ಎತ್ತಿ “ಅರವತ್ತು ಸಾರ್” ಎನ್ನುತ್ತಾರೆ. 1837ರವರೆಗೆ ಬ್ರಿಟನ್ನಿನ ಅಂಚೆ ಇಲಾಖೆಯೂ ಹೆಚ್ಚುಕಡಿಮೆ ಹೀಗೆಯೇ ಯೋಚಿಸುತ್ತಿತ್ತು: ದೂರ ಹೆಚ್ಚಿದಂತೆ ದರವೂ ಹೆಚ್ಚು. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ಕಾಗದಕ್ಕೆ ಒಂದು ಶಿಲ್ಲಿಂಗಿಗೂ ಹೆಚ್ಚು ತೆರಬೇಕಿತ್ತು.

ಆ ವರ್ಷ ರೋಲೆಂಡ್ ಹಿಲ್ ಎಂಬಾತ ಒಂದು ಕಿರುಹೊತ್ತಗೆ ಪ್ರಕಟಿಸಿದ. ಈತ ಅಂಚೆಯವನಲ್ಲ, ಮೊದಲು ಮೇಷ್ಟ್ರಾಗಿದ್ದವನು ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಅವನ ಲೆಕ್ಕದ ಪ್ರಕಾರ, ಸುಮಾರು 640 ಕಿ.ಮೀ. ದೂರದ ಎಡಿನ್‌ಬರೋಗೆ ಒಂದು ಕಾಗದವನ್ನು ಹೊತ್ತೊಯ್ಯುವ ನಿಜವಾದ ಖರ್ಚು ಒಂದು ಪೆನ್ನಿಯ ಮೂವತ್ತಾರನೆಯ ಒಂದು ಭಾಗ ಮಾತ್ರ. ಗಾಡಿ ಹೇಗೂ ಹೋಗುತ್ತದೆ. ಚೀಲದಲ್ಲಿ ಇನ್ನೊಂದು ಕಾಗದ ಸೇರಿದರೆ ಕುದುರೆಗೆ ಭಾರವಾಗುವುದಿಲ್ಲ. ಹಾಗಾದರೆ ದುಡ್ಡು ಹೋಗುತ್ತಿದ್ದುದು ಎಲ್ಲಿಗೆ? ಪ್ರತಿ ಕಾಗದದ ದೂರ ಎಣಿಸಿ ದರ ಬರೆಯಲು, ಲೆಕ್ಕವಿಡಲು, ಪಡೆಯುವವನ ಮನೆಬಾಗಿಲಲ್ಲಿ ನಿಂತು ವಸೂಲು ಮಾಡಲು. ಮೊದಲೇ ಹಣ ಕಟ್ಟಿಸಿಕೊಂಡು ಇಡೀ ದೇಶಕ್ಕೆ ಒಂದೇ ದರ ಮಾಡಿದರೆ ಈ ರಗಳೆಯೇ ಇರುವುದಿಲ್ಲ ಎಂದ ಹಿಲ್. 1840ರಲ್ಲಿ ಒಂದು ಪೆನ್ನಿಯ ಅಂಚೆಚೀಟಿ ಬಂದದ್ದು ಹೀಗೆ.

ನಮ್ಮಲ್ಲೂ ಅದೇ ಕಥೆ. ಡಾಲ್‌ಹೌಸಿಯ ಕಾಲಕ್ಕೆ ಮೊದಲು ಒಂದು ತೊಲ ತೂಕದ ಕಾಗದ ಕಲ್ಕತ್ತೆಯಿಂದ ಮುಂಬಯಿಗೆ ಹೋಗಬೇಕಾದರೆ ಒಂದು ರೂಪಾಯಿ, ಅಂದರೆ ಹದಿನಾರು ಆಣೆ. 1854ರ ಅಕ್ಟೋಬರಿನಿಂದ ಅದೇ ತೂಕಕ್ಕೆ ಎರಡು ಆಣೆ. ಕಾಲು ತೊಲದ ತೆಳು ಕಾಗದಕ್ಕೆ ಬರೀ ಅರ್ಧ ಆಣೆ. ಪಕ್ಕದ ಊರಿಗಾದರೂ ಅಷ್ಟೇ, ಸಾವಿರ ಮೈಲಿಯಾಚೆಗಾದರೂ ಅಷ್ಟೇ. (ಮೈಸೂರು ಸೀಮೆಯವರು ಆಗ ಈ ಲೆಕ್ಕದ ಹೊರಗಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಸ್ವಂತ ‘ಅಂಚೆ’ ಅವರಿಗಿತ್ತು. ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿದ್ದು 1889ರಲ್ಲಿ.)

ಒಂದೇ ದರ ಎಂಬುದರ ಒಳಗುಟ್ಟು ಇಷ್ಟೇ: ಪೇಟೆಯ ಸಾವಿರ ಕಾಗದಗಳು ಸೇರಿ ಕಾಡಂಚಿನ ಮನೆಯ ಒಂದು ಕಾಗದದ ಖರ್ಚನ್ನು ಹೊರುತ್ತವೆ. ಇದು ದಾನವಲ್ಲ. ಪೇಟೆಯವನಿಗೂ ಆ ಮನೆಗೆ ಕಾಗದ ಹಾಕುವ ಕೆಲಸ ಇದ್ದೇ ಇರುತ್ತದೆ.

ನಂಬಿಕೆಯ ಮೂರನೆಯ ಮನುಷ್ಯ

ಒಮ್ಮೆ ಈ ಬಲೆ ಊರೂರಿಗೆ ಹರಡಿದ ಮೇಲೆ ಅದರ ಮೇಲೆ ಏನನ್ನೂ ಕಳಿಸಬಹುದೆಂದು ಇಲಾಖೆಗೆ ಹೊಳೆಯಿತು. 1877ರಲ್ಲಿ ವಿ.ಪಿ.ಪಿ., 1879ರಲ್ಲಿ ಕಾಲಾಣೆಯ ಕಾರ್ಡು, 1880ರಲ್ಲಿ ಮನಿಯಾರ್ಡರು, 1882ರಲ್ಲಿ ಉಳಿತಾಯ ಬ್ಯಾಂಕು. ಹೆಚ್ಚುಕಡಿಮೆ ಐದೇ ವರ್ಷಗಳಲ್ಲಿ ಇವೆಲ್ಲ ಬಂದವು.

ಇವುಗಳಲ್ಲಿ ಸಣ್ಣ ವ್ಯಾಪಾರಿಯನ್ನು ನಿಜವಾಗಿ ಕೈಹಿಡಿದದ್ದು ವಿ.ಪಿ.ಪಿ. ನಾನು ಹೈಸ್ಕೂಲಿನಲ್ಲಿದ್ದಾಗ ಮಾಸಪತ್ರಿಕೆಯೊಂದರ ಜಾಹೀರಾತು ನೋಡಿ ಬೆಂಗಳೂರಿನ ಅಂಗಡಿಯೊಂದಕ್ಕೆ ಎರಡು ಮಸೂರ ಬೇಕೆಂದು ಕಾರ್ಡು ಬರೆದಿದ್ದೆ. ಆ ಅಂಗಡಿಯವನಿಗೆ ನಾನು ಯಾರೆಂದು ಗೊತ್ತಿಲ್ಲ, ನನಗೆ ಅವನು ಯಾರೆಂದು ಗೊತ್ತಿಲ್ಲ. ಮೊದಲು ಹಣ ಕಳಿಸಿದರೆ ನನಗೆ ಭಯ. ಮೊದಲು ಮಾಲು ಕಳಿಸಿದರೆ ಅವನಿಗೆ ಭಯ. ಇಬ್ಬರ ನಡುವೆ ಅಂಚೆಯಣ್ಣ ನಿಂತ. ಅಪ್ಪ ಗೊಣಗುತ್ತ ಹಣ ಎಣಿಸಿದರು, ಅಂಚೆಯಣ್ಣ ಪೊಟ್ಟಣ ಕೊಟ್ಟ, ಹಣ ಮನಿಯಾರ್ಡರಾಗಿ ಬೆಂಗಳೂರಿಗೆ ಹೋಯಿತು. ರಟ್ಟಿನ ಕೊಳವೆಗೆ ಆ ಮಸೂರಗಳನ್ನು ಸಿಕ್ಕಿಸಿ ಅಂಗಳದಿಂದ ಚಂದ್ರನ ಕುಳಿಗಳನ್ನು ನೋಡಿದೆ. ಈಗಿನ ಹುಡುಗರು ಹೊಸದೆಂದು ಹೇಳುವ ‘ಕ್ಯಾಶ್ ಆನ್ ಡೆಲಿವರಿ’ಗೆ ನೂರೈವತ್ತು ವರ್ಷ ತುಂಬುತ್ತಿದೆ ಎಂದರೆ ಅವರು ನಂಬುವುದಿಲ್ಲ.

ಕನ್ನಡದ ಪುಸ್ತಕೋದ್ಯಮವೂ ಬಹುಮಟ್ಟಿಗೆ ಅಂಚೆಯ ಕೂಸು ಎಂದೇ ನನ್ನ ಎಣಿಕೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಆರಂಭವಾಗಿ ಚಂದಾದಾರರನ್ನು ನಂಬಿ ಪುಸ್ತಕ ಹೊರತಂದಿತು. ಕೆ.ವಿ. ಸುಬ್ಬಣ್ಣನವರು ಸಾಗರದ ಬಳಿಯ ಹೆಗ್ಗೋಡು ಎಂಬ ಹಳ್ಳಿಯಲ್ಲಿ ಕುಳಿತು ಅಕ್ಷರ ಪ್ರಕಾಶನ ಕಟ್ಟಿದರು. ದೂರಕ್ಕೆ ತಕ್ಕ ದರ ಎಂಬ ನಿಯಮವಿದ್ದಿದ್ದರೆ ಪುಸ್ತಕ ಪ್ರಕಟಿಸಬೇಕೆಂದವರೆಲ್ಲ ಬೆಂಗಳೂರಿನ ಅವೆನ್ಯೂ ರಸ್ತೆಯ ಸುತ್ತಲೇ ಮನೆ ಮಾಡಬೇಕಾಗುತ್ತಿತ್ತು.

ಒಂದು ಡಿಸೆಂಬರಿನ ಪಾಠ

ಹೀಗಿರುವಾಗ 2024ರ ಡಿಸೆಂಬರ್ 18ರಂದು ಒಂದು ಸಂಗತಿ ನಡೆಯಿತು. ದೊಡ್ಡ ಸುದ್ದಿಯೇನೂ ಆಗಲಿಲ್ಲ. ಅಂಚೆ ಕಚೇರಿಗಳ ಕಂಪ್ಯೂಟರಿನಿಂದ ‘ರಿಜಿಸ್ಟರ್ಡ್ ಬುಕ್ ಪೋಸ್ಟ್’ ಎಂಬ ಬಾಬ್ತು ಮಾಯವಾಯಿತು. ಹಿಂದಿನ ದಿನದವರೆಗೆ 5 ಕಿಲೋ ಪುಸ್ತಕವನ್ನು ದೇಶದ ಯಾವ ಮೂಲೆಗಾದರೂ ಸುಮಾರು 80 ರೂಪಾಯಿಗೆ ಕಳಿಸಬಹುದಿತ್ತು; ಮರುದಿನ ಅದೇ ಕಟ್ಟನ್ನು ಪಾರ್ಸೆಲ್ ಎಂದು ಕಳಿಸಲು ಇನ್ನೂರು ರೂಪಾಯಿಯ ಮೇಲಾಯಿತು. ದೊಡ್ಡ ಪ್ರಕಾಶಕರಿಗೆ ಲಾರಿಗಳಿವೆ, ಆನ್‌ಲೈನ್ ಅಂಗಡಿಗಳಿವೆ. ಪೆಟ್ಟು ಬಿದ್ದದ್ದು ವರ್ಷಕ್ಕೆ ನಾಲ್ಕಾರು ಪುಸ್ತಕ ತರುವ ಸಣ್ಣವರಿಗೆ. ನೂರು ರೂಪಾಯಿಯ ಕವನ ಸಂಕಲನಕ್ಕೆ ಎಪ್ಪತ್ತು, ಎಂಬತ್ತು ರೂಪಾಯಿ ಸಾಗಣೆ ಕೊಟ್ಟು ಯಾರು ತರಿಸಿಕೊಳ್ಳುತ್ತಾರೆ?

ಇದರ ಹಿಂದೆ ಕಾನೂನಿನ ಬದಲಾವಣೆಯೊಂದಿತ್ತು. 1898ರ ಅಂಚೆ ಕಾಯ್ದೆಯ ಅನುಸೂಚಿಯಲ್ಲಿ ಪತ್ರ, ಕಾರ್ಡುಗಳ ಜೊತೆ ಪುಸ್ತಕದ ಪೊಟ್ಟಣಕ್ಕೂ ಪ್ರತ್ಯೇಕ ದರ ನಮೂದಾಗಿತ್ತು. ಸಂಸತ್ತಿನ ಕಣ್ಣ ಮುಂದೆ ಇರುತ್ತಿದ್ದ ದರ ಅದು. 2024ರ ಜೂನ್‌ನಲ್ಲಿ ಜಾರಿಗೆ ಬಂದ 2023ರ ಹೊಸ ಕಾಯ್ದೆಯಲ್ಲಿ ದರ ನಿಗದಿ ಇಲಾಖೆಯ ಮಹಾನಿರ್ದೇಶಕರ ಕೈಗೆ ಹೋಯಿತು. ಪತ್ರ ಸಾಗಿಸುವ ವಿಶೇಷ ಹಕ್ಕು ಸರ್ಕಾರಕ್ಕೆ ಮಾತ್ರ ಎಂಬ ಹಳೆಯ ಕಲಮೂ ಬಿದ್ದುಹೋಯಿತು. ಆ ಹಕ್ಕು ವ್ಯವಹಾರದಲ್ಲಿ ಸವೆದುಹೋಗಿ ದಶಕಗಳೇ ಆಗಿದ್ದವು. ಅದಕ್ಕೆ ನಾನು ಅಳುವುದಿಲ್ಲ. ಆದರೆ ಲಾಭವಿರುವ ದಾರಿಯನ್ನು ಯಾರು ಬೇಕಾದರೂ ಹಿಡಿಯಬಹುದು, ನಷ್ಟದ ದಾರಿಯನ್ನು ಮಾತ್ರ ಅಂಚೆಯವನೇ ನಡೆಯಬೇಕು ಎಂದಾದರೆ ನಷ್ಟ ತುಂಬುವ ಬಾಬ್ತು ಯಾವುದೆಂದು ಯಾರಾದರೂ ಹೇಳಬೇಕು.

ಪ್ರಕಾಶಕರ ದೂರುಗಳ ನಂತರ, 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂತು. 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಮತ್ತೆ ಇಡೀ ದೇಶಕ್ಕೆ ಒಂದೇ ದರ. ನಡುವಿನ ನಾಲ್ಕೂವರೆ ತಿಂಗಳಲ್ಲಿ ಹೋದ ಗಿರಾಕಿ ಎಷ್ಟು ಮಂದಿ ಹಿಂದಿರುಗಿದರೋ, ಅದು ಅವರವರ ಖಾತೆ ಪುಸ್ತಕಕ್ಕೇ ಗೊತ್ತು.

ನೂರಕ್ಕೆ ಹದಿನೈದು

ಅಂಚೆ ಇಲಾಖೆ ನಷ್ಟದಲ್ಲಿದೆ ಎನ್ನುವುದು ಸುಳ್ಳಲ್ಲ. 50 ಪೈಸೆಯ ಒಂದು ಕಾರ್ಡನ್ನು ತಲುಪಿಸಲು 2016-17ರಲ್ಲೇ 12 ರೂಪಾಯಿ ದಾಟಿತ್ತು ಎಂದು ಇಲಾಖೆಯ ವರದಿಯೇ ಹೇಳಿತು. ಆದರೆ ಹಳ್ಳಿಯ ಕಚೇರಿಯನ್ನು ತೆರೆದದ್ದು ಲಾಭಕ್ಕಾಗಿ ಅಲ್ಲ. ಶಾಖಾ ಅಂಚೆ ಕಚೇರಿ ತೆರೆಯುವ ಇಲಾಖೆಯ ಮಾನದಂಡವನ್ನೇ ನೋಡಿ: ಸಾಮಾನ್ಯ ಹಳ್ಳಿಯಲ್ಲಿ ಖರ್ಚಿನ ಮೂರನೆಯ ಒಂದು ಪಾಲು ಆದಾಯ ಬರುವಂತಿದ್ದರೆ ಸಾಕು. ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ ನೂರು ರೂಪಾಯಿ ಖರ್ಚಿಗೆ ಹದಿನೈದು ರೂಪಾಯಿ ಬಂದರೂ ಸಾಕು. ಉಳಿದ ಎಂಬತ್ತೈದು ರೂಪಾಯಿಯನ್ನು ದೇಶ ಕೊಡುತ್ತದೆ ಎಂದು ಲೆಕ್ಕ ಹಾಕಿಯೇ ಬಾಗಿಲು ತೆರೆದದ್ದು. ಸ್ವಾತಂತ್ರ್ಯ ಬಂದಾಗ 23,344 ಇದ್ದ ಅಂಚೆ ಕಚೇರಿಗಳು ಇಂದು ಒಂದೂವರೆ ಲಕ್ಷ ದಾಟಿವೆ. ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಯಲ್ಲಿವೆ. ಶಾಲೆಗೆ, ಆಸ್ಪತ್ರೆಗೆ ಲಾಭವೆಷ್ಟು ಎಂದು ನಾವು ಕೇಳುವುದಿಲ್ಲವಲ್ಲ.

ಆ ಎಂಬತ್ತೈದರಲ್ಲಿ ಒಂದು ಪಾಲನ್ನು ಇನ್ನೊಬ್ಬರೂ ಸದ್ದಿಲ್ಲದೆ ಕೊಡುತ್ತಿದ್ದಾರೆ. ಹಳ್ಳಿಯ ಕಚೇರಿ ನಡೆಸುವವರು ಗ್ರಾಮೀಣ ಡಾಕ್ ಸೇವಕರು. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸವೆಂದು ಲೆಕ್ಕ. ಕಚೇರಿಗೆ ಜಾಗವನ್ನು ಅವರೇ ಒದಗಿಸಬೇಕು, ಹೊಟ್ಟೆಪಾಡಿಗೆ ಬೇರೆ ಆದಾಯವಿರಬೇಕು. ಹಿಂದೆ ಎಷ್ಟೋ ಊರುಗಳಲ್ಲಿ ಶಾಲಾ ಮೇಷ್ಟ್ರೇ ಈ ಕೆಲಸ ನೋಡಿಕೊಳ್ಳುತ್ತಿದ್ದರು. ಈಗ ಅವರ ಕೈಗೆ ಯಂತ್ರ ಬಂದಿದೆ. ಅದರಲ್ಲಿ ಬೆರಳೊತ್ತಿದರೆ ಮುದುಕಿಯ ಪಿಂಚಣಿ ಜಗಲಿಯಲ್ಲೇ ಸಿಗುತ್ತದೆ. 2020ರ ಲಾಕ್‌ಡೌನಿನಲ್ಲಿ ಬಸ್ಸು ನಿಂತಾಗ ಅದರ ಬೆಲೆ ಎಲ್ಲರಿಗೂ ಗೊತ್ತಾಯಿತು. ‘ಲಿಂಕ್’ ಇಲ್ಲದ ದಿನ ಅದೇ ಯಂತ್ರ ಹಿಡಿದು ಗುಡ್ಡ ಹತ್ತುವುದೂ ಇದೆ. ಪೂರ್ಣಾವಧಿ ನೌಕರರಿಗಿರುವ ಸವಲತ್ತುಗಳು ಇವರಿಗಿಲ್ಲ. ಹಳ್ಳಿಯ ಅಂಚೆ ಬೇಕು ಎನ್ನುವವರು ಮೊದಲು ಕೇಳಬೇಕಾದದ್ದು ಇವರ ವಿಷಯ.

ನಷ್ಟದ ಮಾತು ಬಂದಾಗ ಡೆನ್ಮಾರ್ಕನ್ನು ತೋರಿಸುವವರಿದ್ದಾರೆ. ಈ ಶತಮಾನದ ಆರಂಭದಿಂದ ಅಲ್ಲಿ ಪತ್ರಗಳು ಶೇ. 90ಕ್ಕೂ ಹೆಚ್ಚು ಕಡಿಮೆಯಾಗಿ, 1624ರಲ್ಲಿ ಆರಂಭವಾದ ಅಂಚೆಯು 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು. ಅಲ್ಲಿ ಸರ್ಕಾರದ ಕಾಗದಗಳೆಲ್ಲ ಫೋನಿಗೇ ಬರುತ್ತವೆ. ದೇಶವೂ ಹೆಚ್ಚುಕಡಿಮೆ ನಮ್ಮ ರಾಜ್ಯದ ಕಾಲುಭಾಗದಷ್ಟು. ನಮ್ಮಲ್ಲಿ ಅಂಚೆಯ ಚೀಲ ಖಾಲಿಯಾಗಿಲ್ಲ, ಒಳಗಿನ ಸಾಮಾನು ಬದಲಾಗಿದೆ. 2019ರಿಂದ ಬೆಂಗಳೂರಿನವರು ನಮ್ಮ ರೈತರ ಮಾವಿನಹಣ್ಣನ್ನು ಅಂಚೆಯವರ ಕೈಯಿಂದ ಪಡೆದಿದ್ದಾರೆ. ದೊಡ್ಡ ಆನ್‌ಲೈನ್ ಅಂಗಡಿಗಳೂ ತಾವು ಹೋಗಲಾರದ ಕಡೆಗೆ ಪೊಟ್ಟಣವನ್ನು ಅಂಚೆಯವರಿಗೇ ಕೊಟ್ಟಿವೆ.

ಆ ಅಂಗಡಿಗಳು ‘ನಿಮ್ಮ ಪ್ರದೇಶಕ್ಕೆ ಸೇವೆ ಇಲ್ಲ’ ಎಂದು ಹೇಳಲು ಬಳಸುವುದು ಪಿನ್‌ಕೋಡನ್ನು. ಯಾವ ಊರೂ ತಪ್ಪಿಹೋಗಬಾರದೆಂದು 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಜಾರಿಗೆ ತಂದ ಸಂಖ್ಯೆ ಅದು!

ಹಪ್ಪಳದ ವಿಷಯ ಅರ್ಧಕ್ಕೇ ಬಿಟ್ಟೆ. ಹತ್ತನೆಯ ದಿನ ಆ ಸೈನಿಕನಿಂದ ಫೋನು ಬಂತಂತೆ: ಹಪ್ಪಳ ಬಂದಿದೆ, ಹತ್ತಾರು ಮುರಿದಿವೆ, ಜೊತೆಯವರೆಲ್ಲ ಸೇರಿ ಒಂದೇ ಸಂಜೆ ಕರಿದು ಮುಗಿಸಿದರು. ಮುಂದಿನ ವಾರ ಆಕೆ ನಾಲ್ಕು ಪೊಟ್ಟಣ ಹೊತ್ತು ಬಂದರು. ನಾಲ್ಕೂ ಅದೇ ಊರಿಲ್ಲದ ಊರಿಗೆ. ಆ ದಿನ ಲಿಂಕ್ ಇರಲಿಲ್ಲ. ಪೋಸ್ಟ್ ಮಾಸ್ತರು ಯಂತ್ರ ಹಿಡಿದು ಹಿತ್ತಿಲ ದಿಬ್ಬಕ್ಕೆ ಹೋದರು; ಆಕೆ ತಕ್ಕಡಿಯ ಪಕ್ಕ ಕುಳಿತು, ಈ ಸಲ ಹಪ್ಪಳ ಮುರಿಯದ ಹಾಗೆ ನಡುವೆ ಒಣಬಾಳೆಯೆಲೆ ಇಟ್ಟಿದ್ದೇನೆ ಎಂದು ನನಗೆ ಹೇಳಿದರು.